ಕಣ್ಣು ತೆರೆಸುವ ಕೆಲಸ

ಈ ಬರಹದಲ್ಲಿ ತಪ್ಪುಗಳಿರಬಹುದು. ಇವೆ ಎಂದೇ ಭಾವಿಸಿ ಓದಬೇಕೆಂದು ವಿನಂತಿಸುತ್ತೇನೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಹೇಳದೆ ಬಿಡುವುದು ಸಭ್ಯತೆ ಎಂಬುದನ್ನೆಲ್ಲ ನಾನು ಪುಸ್ತಕಗಳನ್ನು ನೋಡಿ ಕಲಿತೆ. ಆ ಕಲಿಕೆಯಲ್ಲಿ ಕೊರತೆಗಳು ಉಳಿದಿರುವುದು ಸಹಜ. ಘಟನೆಗಳ ಕ್ರಮದಲ್ಲಿ ಒಂದೆರಡು ಹಿಂದುಮುಂದಾಗಿರಲೂಬಹುದು. ಆದರೆ ಕಾಣದ್ದನ್ನು ಕಂಡಂತೆ ಬರೆದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವು ಯಶವಂತಪುರದ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಗದಗಿನ ಕಡೆಯ ಹಳ್ಳಿಯೊಂದರಿಂದ ಬಂದು ಇಲ್ಲಿಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿಯಾಗಿ ನಿಂತವರು. ವ್ಯಾಗನ್ನಿಗೂ ಲಾರಿಗೂ ನಡುವೆ ಹಾಕಿದ ಹಲಗೆಯ ಮೇಲೆ ಮೂಟೆ ಹೊತ್ತು ಓಡಾಡುವುದು ಅವರ ಕೆಲಸ. ಮನೆಯಲ್ಲಿ ಅವ್ವ, ಹೈಸ್ಕೂಲಿನಲ್ಲಿ ಓದುತ್ತಿದ್ದ ತಂಗಿ ಮತ್ತು ನಾನು. ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಅಪ್ಪ ಶೆಡ್ಡಿನ ಜನರಿಗೆಲ್ಲ ಚಹಾ ಕುಡಿಸಿ, "ಇನ್ನ ನನ್ನ ಮಗ ನೆರಳಾಗ ಕುಂತು ದುಡೀತಾನ" ಎಂದು ಹೇಳಿಕೊಂಡು ಬಂದರಂತೆ.

ನೆರಳಿನಲ್ಲಿ ಕೂತು ದುಡಿಯುವ ಕೆಲಸಗಳನ್ನು ಹುಡುಕಬೇಕಾದ ಆ ದಿನಗಳಲ್ಲೇ ನನ್ನ ಮನಸ್ಸು ಬೇರೆಡೆಗೆ ತಿರುಗಿತು. ಮಾರುಕಟ್ಟೆ ರಸ್ತೆಯ ಕ್ಷೌರದಂಗಡಿಯಲ್ಲಿ ಸರದಿಗಾಗಿ ಕಾಯುತ್ತ ಒಂದು ಹಳೆಯ ವಾರಪತ್ರಿಕೆಯನ್ನು ತಿರುವಿಹಾಕುತ್ತಿದ್ದೆ. ಒಂದು ಪುಟದ ತುಂಬ ನಮ್ಮ ಗೂಡ್ಸ್ ಶೆಡ್ಡಿನ ಚಿತ್ರವಿತ್ತು. ಹಲಗೆಯ ಮೇಲೆ ಸಾಲಾಗಿ ನಡೆಯುತ್ತಿರುವ ಹಮಾಲಿಗಳು, ಎಲ್ಲರೂ ಬೆನ್ನು ತಿರುಗಿಸಿದವರು. ಆ ಸಾಲಿನ ಒಂದು ಬೆನ್ನು ಅಪ್ಪನದು. ಹೆಗಲವಸ್ತ್ರವಾದ ವಲ್ಲಿಯನ್ನು ತಲೆಗೆ ಸುತ್ತಿ ಒಂದು ತುದಿಯನ್ನು ಕಿವಿಯ ಹಿಂದೆ ಇಳಿಬಿಡುತ್ತಿದ್ದವರು ಆ ಶೆಡ್ಡಿನಲ್ಲಿ ಅವರೊಬ್ಬರೇ. ದಿನವೂ ಕಾಣುತ್ತಿದ್ದ ಜಾಗ ಅಷ್ಟು ಗಂಭೀರವಾಗಿ, ಯಾರೋ ತೂಗಿ ನೋಡಿ ಇಟ್ಟಂತೆ ಕಾಗದದ ಮೇಲೆ ಕುಳಿತಿರುವುದನ್ನು ನೋಡಿ ನನಗೆ ಒಂದು ಬಗೆಯ ಹೊಟ್ಟೆಕಿಚ್ಚೇ ಹುಟ್ಟಿತು. ಇದನ್ನು ನಾನು ಏಕೆ ಕಾಣಲಿಲ್ಲ ಎನ್ನಿಸಿತು.

ಅಂಗಡಿಯವರನ್ನು ಕೇಳಿ ಪತ್ರಿಕೆಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅವರು ಕತ್ತನ್ನು ಒಂದು ಬದಿಗೆ ವಾಲಿಸಿ ಬಹಳ ಹೊತ್ತು ನೋಡಿದರು.

"ಇದು ನಾನ ಏನು?"

"ಹೂಂ. ನೀನ."

"ಮಾರಿ ಬಿಟ್ಟು ಬೆನ್ನ ತಗದಾನಲ್ಲೋ! ಹುಚ್ಚಗಿಚ್ಚ ಅದಾನೇನವ?"

ಅವ್ವ ಒಳಗಿನಿಂದಲೇ, "ನಿಮ್ಮ ಮಾರಿ ನೋಡಿದ್ರ ಯಾರು ಪೇಪರ ಕೊಳ್ತಾರ? ಅದಕ್ಕ" ಎಂದಳು. ಎಲ್ಲರೂ ನಕ್ಕೆವು. ಆ ನಗುವಿನ ನಡುವೆಯೇ ನಾನು ಆ ಪತ್ರಿಕೆಗೆ ಛಾಯಾಗ್ರಾಹಕನಾಗಿ ಸೇರುತ್ತೇನೆಂದು ಹೇಳಿಬಿಟ್ಟೆ. ಅಪ್ಪ ನಗು ನಿಲ್ಲಿಸಿದರು. ಶೆಡ್ಡಿನಲ್ಲಿ ಸರಕು ಬಿಡಿಸುವ ಏಜೆಂಟರೊಬ್ಬರ ಕಚೇರಿಯಲ್ಲಿ ನನ್ನನ್ನು ಗುಮಾಸ್ತನಾಗಿ ತೆಗೆದುಕೊಳ್ಳುವಂತೆ ಅವರು ಅದಾಗಲೇ ಕೇಳಿಕೊಂಡಿದ್ದರು. ಪತ್ರಿಕೆಯನ್ನು ಮಡಿಚಿ ಕೆಳಗಿಟ್ಟು, "ಈ ದೀಪಾವಳಿ ಹೋಗಿ ಬರೂ ದೀಪಾವಳಿತನ ನೋಡ್ತೀನಿ. ಅಷ್ಟರಾಗ ಆಗಲಿಲ್ಲಂದ್ರ ಸುಮ್ಮನ ನಾ ಹೇಳಿದಲ್ಲಿಗೆ ಹೋಗಬೇಕು" ಎಂದರು. ನಾನು ಒಪ್ಪಿದೆ.

ನಗರದ ನಡುವೆ ಇದ್ದ ಆ ಪತ್ರಿಕೆಯ ಕಚೇರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಉರುಹೊಡೆಯುತ್ತ ಹೋದೆ. ಬಾಗಿಲ ಬಳಿಯ ಮೇಜಿನವರು ತಲೆ ಎತ್ತದೆ, "ಎಕ್ಸ್‌ಪೀರಿಯನ್ಸ್ ಏನಿದೆ?" ಎಂದರು.

"ಸದ್ಯಕ್ಕೆ ಇಲ್ಲ. ಅವಕಾಶ ದೊರೆತರೆ ಶ್ರದ್ಧೆಯಿಂದ ಕಲಿಯುತ್ತೇನೆ."

"ಇದು ಸ್ಕೂಲಲ್ಲ ಕಣ್ರೀ. ಕಲ್ತ್ಕೊಂಡ್ ಬನ್ನಿ."

ಹಿಂದಿರುಗುತ್ತಿದ್ದವನನ್ನು ಮೆಟ್ಟಿಲ ಮೇಲೆ ಒಬ್ಬರು ತಡೆದರು. ಕನ್ನಡಕ ಹಾಕಿದ, ಬೆರಳ ತುದಿಗಳು ರಾಸಾಯನಿಕದಿಂದ ಕಂದಾಗಿದ್ದ ಆ ಹಿರಿಯರು ಚಿತ್ರ ವಿಭಾಗದ ಮುಖ್ಯಸ್ಥರೆಂದು ಆಮೇಲೆ ತಿಳಿಯಿತು. "ನೀವು ತೆಗೆದ ಒಳ್ಳೆ ಚಿತ್ರ ಕೆಲವಾದ್ರೂ ಆದ್ಮೇಲೆ ಬನ್ನಿ. ನಾನು ನೋಡ್ತೀನಿ" ಎಂದರು. ಅಷ್ಟು ಮಾತು ನನಗೆ ಒಂದು ವರ್ಷಕ್ಕೆ ಸಾಕಾಯಿತು.

ನನ್ನಲ್ಲಿ ಕ್ಯಾಮೆರಾ ಇರಲಿಲ್ಲ. ಯಶವಂತಪುರದಲ್ಲೇ ಒಂದು ಚಿಕ್ಕ ಫೋಟೊ ಸ್ಟುಡಿಯೋದಲ್ಲಿ ಸಹಾಯಕನಾಗಿ ಸೇರಿಕೊಂಡೆ. ಮದುವೆಯ ಫೋಟೊಗಳಿಗೆ ಜನ ಮಲ್ಲೇಶ್ವರದ ದೊಡ್ಡ ಸ್ಟುಡಿಯೋಗಳಿಗೆ ಹೋಗುತ್ತಿದ್ದರು. ನಮ್ಮ ಯಜಮಾನರಿಗೆ ಉಳಿದದ್ದು ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಮತ್ತು ಸಾವುಗಳು. ಸುತ್ತಲಿನ ಹಳ್ಳಿಗಳಲ್ಲಿ ಬದುಕಿದ್ದಷ್ಟು ಕಾಲವೂ ಫೋಟೊ ತೆಗೆಸಿಕೊಳ್ಳದ ಹಿರಿಯರು ಆಗ ಬಹಳ ಮಂದಿ ಇದ್ದರು. ಅವರು ತೀರಿಕೊಂಡ ಕೂಡಲೇ ಮನೆಯವರು ಸೈಕಲ್ಲಿನಲ್ಲಿ ಒಬ್ಬರನ್ನು ನಮ್ಮಲ್ಲಿಗೆ ಓಡಿಸುತ್ತಿದ್ದರು. ಹೆಣವನ್ನು ತೊಳೆದು, ಹೊಸ ಬಟ್ಟೆ ಉಡಿಸಿ, ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೊ ತೆಗೆಸುವುದು ವಾಡಿಕೆ. ಆಮೇಲೆ ಆ ಮುಖವನ್ನಷ್ಟೇ ದೊಡ್ಡದು ಮಾಡಿ, ಅಚ್ಚಿನ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣುಗಳನ್ನು ಬರೆದು, ಅದನ್ನು ಮತ್ತೊಮ್ಮೆ ಫೋಟೊ ತೆಗೆದು, ಕಟ್ಟು ಹಾಕಿಸಿ ಕೊಡುತ್ತಿದ್ದೆವು. ಇದಕ್ಕೆ ಯಜಮಾನರು 'ಕಣ್ಣು ತೆರೆಸುವುದು' ಎನ್ನುತ್ತಿದ್ದರು.

ನಾನು ಮೊದಲ ಸಲ ಹೋದದ್ದು ಕೆಂಪಾಪುರಕ್ಕೆ. ಅಜ್ಜಿಯೊಬ್ಬರನ್ನು ಕುರ್ಚಿಯ ಬೆನ್ನಿಗೆ ಸೀರೆಯ ತುಂಡಿನಿಂದ ಕಟ್ಟಿ, ಗಂಟು ಕಾಣದಂತೆ ಸೆರಗು ಹೊದಿಸಿದ್ದರು. ಬಲಗಡೆ ಯಾರು ನಿಲ್ಲಬೇಕೆಂದು ಇಬ್ಬರು ಗಂಡುಮಕ್ಕಳಲ್ಲಿ ಮಾತು ಬೆಳೆದಿತ್ತು.

"ದೊಡ್ಡೋನು ನಾನು ಕಣೋ. ಅಂಗ್ ಪಕ್ಕಕ್ ಓಗು."

"ನೋಡ್ಕೊಂಡೋನು ನಾನು. ನೀನ್ ಬಂದಿದ್ದು ಇವತ್ತು."

ಸೊಸೆಯೊಬ್ಬರು ಕುರ್ಚಿಯನ್ನು ದಿಟ್ಟಿಸುತ್ತ, "ನಮ್ಮತ್ತೆ ಒಂದಿನಾನೂ ಕುರ್ಚಿ ಮ್ಯಾಲ್ ಕೂತೋರಲ್ಲ ಸಾಮಿ. ಇಂಗ್ ಕೂರ್ಸಿರೋದ್ ನೋಡುದ್ರೆ ಯಾರೋ ಬ್ಯಾರೆಯೋರ್ನ ನೋಡ್ದಂಗ್ ಆಯ್ತದೆ" ಎಂದರು. ಯಜಮಾನರು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿದರು. ಜಗಲಿ ಕತ್ತಲಾಗಿತ್ತು, ಫ್ಲಾಶ್ ಬಲ್ಬು ಸುಡುವುದು ಅವರಿಗೆ ಒಗ್ಗದ ಸಂಗತಿ. "ಲೆನ್ಸಿನ ಕಿಂಡಿ ಚಿಕ್ಕದಾಗಿಟ್ಟು, ಒಂದು ಸೆಕೆಂಡು ತೆರೆದು ಬಿಡು. ಹಿಂದಿನ ಗೋಡೆವರೆಗೂ ಸ್ಪಷ್ಟ ಬರುತ್ತೆ. ಸತ್ತೋರು ಅಲ್ಲಾಡಲ್ಲ ಕಣೋ. ಅಳೋರ್ನ ಒಂದ್ ಗಳಿಗೆ ನಿಲ್ಲಿಸ್ಬೇಕು, ಅದೇ ನಮ್ಮ ಕೆಲ್ಸ" ಎಂದು ನನಗೆ ಮೆಲ್ಲಗೆ ಹೇಳಿ, ಕುರ್ಚಿಯ ಪಕ್ಕ ಅಳುತ್ತಿದ್ದ ಮಗಳತ್ತ ತಿರುಗಿ ಗಟ್ಟಿಯಾಗಿ, "ಅಮ್ಮಾ, ಸ್ವಲ್ಪ ಸುಮ್ನಿರಿ. ಫೋಟೊ ಆದ್ಮೇಲೆ ಅಳೀರಂತೆ" ಎಂದರು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನಾದರು. ನಾನೇ ಗುಂಡಿ ಒತ್ತಿ ತೆಗೆದ ಆ ಚಿತ್ರದಲ್ಲಿ ಅಜ್ಜಿಯ ಸುಕ್ಕುಗಳು ಒಂದೊಂದೂ ಎಣಿಸುವಂತೆ ಮೂಡಿದ್ದವು. ಸುತ್ತ ನಿಂತವರು ಮಾತ್ರ ಒಂದಿಷ್ಟು ಕದಡಿದ್ದರು.

ಹೊರಡುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು: ಅವರ ಕಣ್ಣು ಹೇಗಿತ್ತು? ದೊಡ್ಡಮಗ, "ಇತ್ತು... ಕಣ್ಣಿದ್ದಂಗಿತ್ತು" ಎಂದರು. ಚಿಕ್ಕಮಗ, "ನಂ ಕಡೆ ನೋಡುದ್ರೆ ಬಯ ಆಯ್ತಿತ್ತು" ಎಂದರು. ಆಮೇಲೆ ಹೋದ ಮನೆಗಳಲ್ಲೂ ಬಹುತೇಕ ಹೀಗೆಯೇ. ಅಲ್ಲೇ ಹತ್ತಿರದ ಸಿಂಗಾಪುರವೆಂಬ ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬರು ತುಂಬ ಯೋಚಿಸಿ, "ಗೊತ್ತಿಲ್ಲ ಕಣಪ್ಪ, ನಾನೆಲ್ಲಿ ತಲೆ ಎತ್ತಿ ನೋಡೀನಿ" ಎಂದಿದ್ದರು.

"ಯಾರಿಗೂ ಗೊತ್ತಿರಲ್ಲ ಕಣೋ," ಎಂದರು ಯಜಮಾನರು. "ಒಂದು ಮಾದರಿ ಕೈಗೆ ಕೂರಿಸ್ಕೋ. ಎಲ್ಲರಿಗೂ ಅದನ್ನೇ ಬರಿ. ಯಾರೂ ತಕರಾರು ತೆಗೆಯಲ್ಲ." ಮಾದರಿಗೆಂದು ಅವರು ಕೊಟ್ಟದ್ದು ತಮ್ಮದೇ ಒಂದು ಹಳೆಯ ಭಾವಚಿತ್ರ. ನಾನು ಆ ಕಣ್ಣುಗಳನ್ನು ಕಲಿತೆ: ರೆಪ್ಪೆಯ ಮಡಿಕೆ, ಬಿಳಿ, ಕಪ್ಪು, ಕಪ್ಪಿನ ಮೇಲ್ತುದಿಯಲ್ಲಿ ಬೆಳಕಿನ ಒಂದು ಚುಕ್ಕೆ. ಸಿಂಗಾಪುರದಿಂದ ಕೆಂಪಾಪುರದವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜ ಅಜ್ಜಿಯರು ನಮ್ಮ ಯಜಮಾನರ ಕಣ್ಣುಗಳಿಂದ ನೋಡತೊಡಗಿದರು. ಮನೆಯವರು ಚಿತ್ರ ನೋಡಿ, ಥೇಟ್ ಅವರೇ ಎಂದು ಅಳುತ್ತಿದ್ದರು.

ನನ್ನ ಕೈ ಪಳಗಿದಂತೆ ಸಾವಿನ ಕೆಲಸಗಳನ್ನೆಲ್ಲ ಯಜಮಾನರು ನನಗೇ ಬಿಟ್ಟರು. ಮನೆಗೆ ಬಂದರೆ ಅವ್ವ ವಠಾರದ ನಲ್ಲಿಯ ಬಳಿ ತಲೆಯ ಮೇಲೆ ನೀರು ಹೊಯ್ಯದೆ ಒಳಗೆ ಬಿಡುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಿ.ಎ. ಓದಿದ ಹುಡುಗ ನಲ್ಲಿಯ ಕೆಳಗೆ ಕೂರುವುದನ್ನು ವಠಾರದವರು ಗಮನಿಸಿದರು, ಕಾರಣವನ್ನೂ ತಿಳಿದರು. ಎದುರುಮನೆಯಾಕೆ ಅವ್ವನನ್ನು, "ನಿಮ್ಮ ಹುಡುಗ ಇವತ್ತು ಯಾವ ಊರಿನ ಹೆಣ ಎಬ್ಬಿಸ್ ಬಂದ ಕಣ್ರೀ?" ಎಂದು ಎಲ್ಲರ ಮುಂದೆ ಕೇಳಿದ ಮೇಲೆ ಅರಿಶಿನ ಕುಂಕುಮಕ್ಕೆ ಅವ್ವನನ್ನು ಕರೆಯುವವರು ಕಡಿಮೆಯಾದರು. ಅವ್ವ ಅದನ್ನು ನನಗೆ ಹೇಳಲಿಲ್ಲ. ತಂಗಿ ಹೇಳಿದಳು. ನಾನು ಪತ್ರಿಕೆ ಸೇರಿದರೆ ಎಲ್ಲವೂ ಸರಿಹೋಗುತ್ತದೆಂದು ಅವಳಿಗೆ ಭರವಸೆ ಕೊಟ್ಟೆ. ಆ ಮಾತನ್ನು ನಾನು ಹಲವು ಸಲ ಹೇಳಿರಬೇಕು, ಏಕೆಂದರೆ ಒಂದು ದಿನ ಅವಳು, "ಇದನ್ನ ಹೋದ ತಿಂಗಳಾನೂ ಹೇಳಿದ್ದಿ" ಎಂದಳು.

ಎರಡನೆಯ ದೀಪಾವಳಿ ಹತ್ತಿರವಾಗುತ್ತಿತ್ತು. ನನ್ನ ಚಿತ್ರಗಳಲ್ಲಿ ಉತ್ತಮವಾದವನ್ನು ಆರಿಸಿ ರಟ್ಟಿನ ನಡುವೆ ಇಟ್ಟುಕೊಂಡು ಮತ್ತೆ ಪತ್ರಿಕೆಯ ಕಚೇರಿಗೆ ಹೋದೆ. ಮುಖ್ಯಸ್ಥರಿಗೆ ನನ್ನ ನೆನಪಿತ್ತು. ಒಂದೊಂದಾಗಿ ನೋಡುತ್ತ, ನಾನು ಕಣ್ಣು ತೆರೆಸಿದ್ದ ಕೆಂಪಾಪುರದ ಅಜ್ಜಿಯ ಮುಖ ಬಂದಾಗ ಅವರ ಕೈ ನಿಂತಿತು.

"ಚೆನ್ನಾಗಿದೆ. ಈ ಮುಖದಲ್ಲಿ ಏನೋ ಒಂದು ಶಾಂತಿ ಇದೆ. ಯಾರ್ರೀ ಇವರು?"

"ಕೆಂಪಾಪುರದ ಒಬ್ಬ ಅಜ್ಜಿ, ಸರ್."

"ಇವರನ್ನು ಮಾತಾಡಿಸಿ ಒಂದು ಲೇಖನ ಮಾಡಿಸಬಹುದು. ಸಿಗ್ತಾರಾ?"

"ಇಲ್ಲ ಸರ್. ತೀರಿಕೊಂಡಿದ್ದಾರೆ."

"ಅಯ್ಯೋ. ಯಾವಾಗ?"

"ಫೋಟೊ ತೆಗೆಯುವುದಕ್ಕೆ ಮುಂಚೆ, ಸರ್."

ಪಕ್ಕದ ಮೇಜುಗಳಲ್ಲಿ ಬರೆಯುತ್ತಿದ್ದವರ ಕೈ ನಿಂತಿತು. ಒಬ್ಬರು ಎದ್ದು ಬಂದು ಉಳಿದ ಚಿತ್ರಗಳನ್ನು ಹರಡಿ, "ಇವರು?" "ಇವರೂನಾ?" ಎಂದು ಬೆರಳಿಟ್ಟು ಕೇಳಿದರು. ನಾನು ಪ್ರತಿಯೊಂದಕ್ಕೂ ಹೌದೆಂದೆ. "ಗುರು, ಒಂದು ಊರಿನ ಸ್ಮಶಾನಾನೇ ಎತ್ಕೊಂಡ್ ಬಂದಿದಾರಲ್ಲಪ್ಪ!" ಎಂದು ಅವರು ಉದ್ಗರಿಸಿದ್ದೇ ತಡ, ಕೋಣೆಯೆಲ್ಲ ನಕ್ಕಿತು. ನಾನೂ ನಗಲು ಪ್ರಯತ್ನಿಸಿದೆ. ಮುಖ್ಯಸ್ಥರು ಒಬ್ಬರು ನಗಲಿಲ್ಲ.

"ದಿನಾ ನೀವು ನೋಡೋ ಜಾಗ ಯಾವುದು?"

"ಯಶವಂತಪುರದ ಗೂಡ್ಸ್ ಶೆಡ್ಡು, ಸರ್. ನಮ್ಮ ತಂದೆಯವರು ಅಲ್ಲಿ ಕೆಲಸಕ್ಕಿದ್ದಾರೆ."

"ಅದನ್ನೇ ತೆಗೀರಿ. ಉಸಿರಾಡೋ ಜನ ಬೇಕು ನನಗೆ." ಮೇಜಿನ ಡ್ರಾಯರಿನಿಂದ ಒಂದು ರೋಲ್ ಫಿಲ್ಮ್ ತೆಗೆದು ನನ್ನ ಮುಂದೆ ಇಟ್ಟರು.

ಯಜಮಾನರು ಕ್ಯಾಮೆರಾವನ್ನೂ ಮುಕ್ಕಾಲಿಯನ್ನೂ ಒಂದು ಬೆಳಗಿನ ಮಟ್ಟಿಗೆ ಕೊಟ್ಟರು. ಶೆಡ್ಡಿನೊಳಗೆ ಜಗಲಿಗಳಂತೆಯೇ ಮಬ್ಬು ಬೆಳಕು. ಹಲಗೆಯಿಂದ ಹಿಂದಿನ ವ್ಯಾಗನ್ನುಗಳವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕೆಂದು ನನಗೆ ಆಸೆ. ಕೈಗೆ ರೂಢಿಯಾದಂತೆ ಕಿಂಡಿಯನ್ನು ಚಿಕ್ಕದು ಮಾಡಿದೆ. ಒಂದು ಸೆಕೆಂಡು ತೆರೆದಿರುವಂತೆ ಇಟ್ಟೆ. ಇಷ್ಟು ತಿಂಗಳಲ್ಲಿ ನಾನು ಬೇರೆ ಏನನ್ನೂ ಮಾಡಿರಲಿಲ್ಲ. ಹಲಗೆಯ ಮೇಲೆ ಬರುತ್ತಿದ್ದವರಿಗೆ ಎಂದಿನ ಮಾತನ್ನೇ ಹೇಳಿದೆ:

"ಸ್ವಲ್ಪ ಸುಮ್ನಿರಿ."

"ಏ ಮಗಾ, ತಲೆ ಮೇಲ್ ಮೂಟೆ ಐತೆ, ಸುಮ್ನಿರು ಅಂತಾನೆ ನೋಡ್ಲಾ ಇವ್ನು!"

"ಅವ್ನ್ ಸತ್ತೋರ್ ಫೋಟೊ ತೆಗೆಯೋನು ಕಣೋ. ಅವ್ರಾದ್ರೆ ಏನಂದ್ರೂ ಕೇಳ್ತಾರೆ."

"ಹಂಗಾದ್ರೆ ನನ್ಗೂ ಒಂದು ಕುರ್ಚಿ ಹಾಕ್ಸು ಮಚ್ಚಾ, ಕೂತ್ಕೋತೀನಿ. ಇವತ್ತು ಕೂಲಿ ಕಟ್ ಆದ್ರೆ ಆಗ್ಲಿ!"

ನಗುತ್ತಲೇ ಅವರು ದಾಟಿಹೋದರು. ಯಾರೂ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ, ಹಿಂದೆ ಮೂಟೆ ಹೊತ್ತವರ ಸಾಲು ತಳ್ಳುತ್ತಿತ್ತು. ಕೊನೆಗೆ ಅಪ್ಪ ಬಂದರು. ಹಲಗೆಯ ಬುಡದಲ್ಲಿ ಪಕ್ಕಕ್ಕೆ ಸರಿದು, ಮೂಟೆಯನ್ನು ಇಳಿಸದೆ, ಕ್ಯಾಮೆರಾದತ್ತ ಮುಖ ಮಾಡಿ ನಿಂತುಬಿಟ್ಟರು. ನಾನು ಅಂತರ ಅಳೆದು, ಬೆಳಕು ನೋಡಿ, ಮತ್ತೆ ಅಂತರ ಅಳೆದೆ.

"ಆತೇನಲೇ?" ತುಟಿ ಅಲುಗಿಸದೆ ಕೇಳಿದರು.

"ಆತು, ಆತು."

ಸ್ಟುಡಿಯೋದಲ್ಲಿ ಫಿಲ್ಮು ತೊಳೆದು ಒಣಗಿದ ಮೇಲೆ ಯಜಮಾನರು ಅದನ್ನು ಬೆಳಕಿಗೆ ಹಿಡಿದರು. "ಇದೇನೋ ಇದು? ಎಲ್ಲ ದೆವ್ವಗಳ ಥರ ಇದಾರಲ್ಲೋ!" ಕಾಲಿಲ್ಲದೆ, ಮುಖವಿಲ್ಲದೆ, ಬಿಳಿ ಹೊಗೆಯ ಎಳೆಗಳಂತೆ ಮನುಷ್ಯರು ಸ್ಪಷ್ಟವಾದ ವ್ಯಾಗನ್ನುಗಳ ಮುಂದೆ ತೇಲುತ್ತಿದ್ದರು. "ಸೆಕೆಂಡಿಗಿಟ್ಟಿದ್ಯಾ? ಓಡಾಡೋ ಜನಕ್ಕೆ?"

"ನೀವು ಕಲಿಸಿದ್ದೇ ಅಲ್ವಾ ಸರ್."

"ಯಾರನ್ನ ಕೂರಿಸ್ಕೊಂಡು ಕಲ್ಸಿದ್ದು ಅಂತ ನೋಡ್ಬೇಡ್ವೇನೋ?"

ಇಡೀ ರೋಲಿನಲ್ಲಿ ಸ್ಪಷ್ಟವಾಗಿ ಬಂದದ್ದು ಅಪ್ಪ ಒಬ್ಬರೇ. ಮೂಟೆಯ ಕೆಳಗೆ ಬಗ್ಗಿದ ಕತ್ತು, ಕತ್ತಿನ ನರ, ಹಣೆಯ ಮೇಲಿನ ಬೆವರು, ಒಂದೊಂದೂ. ಆದರೆ ಅವರ ಎರಡೂ ಕಣ್ಣು ಮುಚ್ಚಿದ್ದವು. ಮನೆಯಲ್ಲಿ ಕೇಳಿದಾಗ, "ಬೆವರ ಕಣ್ಣಾಗ ಇಳೀತು. ಒರಿಸಿಕೊಂಡ್ರ ಅಲ್ಲಾಡಿದಂಗ ಆಗ್ತದಂತ ಮುಚ್ಚಿದೆ. ನೀನ ಹೇಳಿದ್ದೆಲ್ಲ ಅಲ್ಲಾಡಬ್ಯಾಡಂತ" ಎಂದರು.

ಬೇರೆ ದಾರಿಯಿಲ್ಲದೆ ಅಪ್ಪನ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ, ಉಳಿದವುಗಳನ್ನು ಅದರ ಕೆಳಗಿಟ್ಟುಕೊಂಡು ಮುಖ್ಯಸ್ಥರ ಮುಂದೆ ನಿಂತೆ. ಕೆಳಗಿನವುಗಳನ್ನು ಅವರು ಪಕ್ಕಕ್ಕಿಟ್ಟರು. ಅಪ್ಪನ ಚಿತ್ರವನ್ನು ಕಿಟಕಿಯ ಬಳಿ ಒಯ್ದು ನೋಡಿದರು. ಹಿಂದಿರುಗಿ ಬಂದು, ದನಿ ತಗ್ಗಿಸಿ ಕೇಳಿದರು:

"ಇವರೂ ತೀರಿಕೊಂಡವರೇ?"

"ಇಲ್ಲ ಸರ್. ನಮ್ಮ ತಂದೆಯವರು."

"ಕ್ಷಮಿಸಿ," ಎಂದರು. ಆ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದರೆಂದು ನನಗೆ ಈಗಲೂ ನಂಬಿಕೆಯಿದೆ. ಆಮೇಲೆ ಮೇಜಿನ ಮೇಲೆ ಚಿತ್ರವನ್ನಿಟ್ಟು, "ಮಿಕ್ಕದ್ದೆಲ್ಲ ಕೆಟ್ಟಿದೆ, ನಿಮಗೂ ಗೊತ್ತು. ಇದು ಹಾಗಲ್ಲ. ಕಣ್ಣೊಂದು ತೆರೆದಿದ್ದರೆ ಮುಖಪುಟಕ್ಕೇ ಹಾಕಬಹುದು. ಆ ಅಜ್ಜಿಗೆ ತೆರೆಸಿದ್ದೀರಲ್ಲ, ಇವರಿಗೂ ತೆರೆಸಿಬಿಡಿ. ಗುರುವಾರದೊಳಗೆ ತನ್ನಿ. ಇಲ್ಲಿ ನನಗೊಬ್ಬ ಸಹಾಯಕ ಬೇಕಾಗಿದ್ದಾನೆ. ಇದು ಅಚ್ಚಾದರೆ ಸಂಪಾದಕರ ಹತ್ತಿರ ನಿಮ್ಮ ವಿಷಯ ಮಾತಾಡೋದು ನನಗೆ ಸುಲಭ" ಎಂದರು.

ಬಸ್ಸಿನಲ್ಲಿ ಬರುತ್ತ ನನಗೆ ಸಂತೋಷವಾಗಬೇಕಿತ್ತು. ಕೆಲಸ ಕೈಯಳತೆಯಲ್ಲಿತ್ತು, ಮಾಡಬೇಕಾದದ್ದೋ ನನ್ನ ಕೈಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸ. ಆದರೂ ಮಡಿಲಲ್ಲಿದ್ದ ರಟ್ಟನ್ನು ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ.

ವಿಷಯ ಕೇಳಿ ಅವ್ವ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. "ಹೆಣಕ್ಕ ಮಾಡೂದನ್ನ ಜೀವ ಇದ್ದ ಮನಿಷ್ಯಾಗ ಮಾಡ್ತೀಯೇನೋ? ಹಡದಪ್ಪಗ?"

"ಚಿತ್ರಕ್ಕ ಮಾಡ್ತಾನ, ನನಗೇನ ಮಾಡ್ತಾನ?" ಎಂದರು ಅಪ್ಪ. "ನೌಕರಿ ಸಿಗ್ತದಂದ್ರ ಎರಡಲ್ಲ, ನಾಕ ಕಣ್ಣ ಬರೀಲಿ."

ಮರುದಿನ ಬೆಳಿಗ್ಗೆ, ಅಪ್ಪ ಶೆಡ್ಡಿಗೆ ಹೊರಡುವ ಮುನ್ನ, ವಠಾರದ ಕಟ್ಟೆಯ ಮೇಲೆ ಬಿಸಿಲು ಬೀಳುವ ಕಡೆ ಚಿತ್ರವನ್ನೂ ಬಣ್ಣವನ್ನೂ ಹರವಿಕೊಂಡು ಕುಳಿತೆ. ಕುಂಚ ಅದ್ದಿ ಎತ್ತಿದಾಗ ಕೈ ತಾನಾಗಿ ಯಜಮಾನರ ರೆಪ್ಪೆಯ ಮಡಿಕೆಯನ್ನು ಬರೆಯಹೊರಟಿತು. ತಡೆದೆ. ಅಪ್ಪನಿಗೆ ಅಪ್ಪನ ಕಣ್ಣನ್ನೇ ಬರೆಯಬೇಕೆಂದುಕೊಂಡೆ. ಆದರೆ ಅದು ಹೇಗಿದೆಯೆಂದು ನೆನಪಿಸಿಕೊಳ್ಳಲು ಹೋದರೆ ಏನೂ ತೋಚಲಿಲ್ಲ. ಅವರೊಡನೆ ಮಾತನಾಡುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಹಾಗೆ ಇರುವುದು ಮರ್ಯಾದೆಯೆಂದು ಬೆಳೆದವನು.

"ಅಪ್ಪಾ, ಇಲ್ಲಿ ನನ್ನೆದುರು ಸ್ವಲ್ಪ ಕುಂಡ್ರು. ನನ್ನ ನೋಡು."

ಅವರು ಮಣೆ ಎಳೆದುಕೊಂಡು ಕುಳಿತು, ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡು ನಕ್ಕರು. "ನನಗ ನಾಚಿಕಿ ಬರತೈತೋ. ಹೆಣ್ಣ ನೋಡಾಕ ಬಂದಾರಂಗ ನೋಡ್ತೀಯಲ್ಲ."

"ಅಪ್ಪಾ, ಇತ್ತಾಗ."

ತಿರುಗಿದರು. ಬಿಸಿಲು ನೇರವಾಗಿ ಮುಖದ ಮೇಲೆ ಬಿತ್ತು. ಬಲಗಣ್ಣು ಕಂದು, ಬಿಳಿಯ ಭಾಗದಲ್ಲೆಲ್ಲ ಕೆಂಪು ಎಳೆಗಳು. ಎಡಗಣ್ಣಿನ ಕಪ್ಪಿನ ಮೇಲೆ ಬೆಳ್ಳಗೆ ಹೂ ಬಿದ್ದಿತ್ತು. ಬೆಳಕಿನ ಚುಕ್ಕೆ ಅಲ್ಲಿ ಕೂರಲೇ ಇಲ್ಲ.

"ಎಡಗಣ್ಣಿಗೆ ಏನಾಗೇತಿ?"

"ಏನಿಲ್ಲ. ಮೆಣಸಿನಕಾಯಿ ಚೀಲ ಒಡದು ಧೂಳಿ ಹೊಕ್ಕಿತ್ತು."

"ಯಾವಾಗ?"

"ನೀ ಪರೀಕ್ಷಾಕ ಓದಾಕತ್ತಿದ್ದೆಲ್ಲ, ಆವಾಗ."

"ಕಾಣ್ತದೇನು?"

"ಬಲಗಣ್ಣ ಕಾಣ್ತದಲ್ಲ," ಎಂದು ಅಪ್ಪ ಎದ್ದು ನಿಂತರು. "ಹಲಗಿ ಅಗಲ ಐತಿ. ಒಂದ ಕಣ್ಣ ಸಾಕು. ಮುಕ್ಕಡಮಗ ಹೇಳಬ್ಯಾಡ ಮತ್ತ. ಕುರುಡಗ ಮೂಟಿ ಕೊಡೂದಿಲ್ಲ ಅವ."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಊಟಕ್ಕೆ ಕುಳಿತಾಗ ತಟ್ಟೆಯನ್ನು ಅಪ್ಪನ ಬಲಕ್ಕೇ ಇಡುತ್ತಿದ್ದುದು, ನೀರಿನ ಚೊಂಬನ್ನು ಅವರ ಕೈಗೇ ಕೊಡುತ್ತಿದ್ದುದು ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಅಪ್ಪ ಹೊರಟುಹೋದ ಮೇಲೂ ನಾನು ಚಿತ್ರದ ಮುಂದೆ ಕುಳಿತೇ ಇದ್ದೆ. ಇದ್ದ ಕಣ್ಣನ್ನು ಇದ್ದಂತೆ ಬರೆದರೆ ಪತ್ರಿಕೆಯ ಮುಖಪುಟದಲ್ಲಿ ಆ ಬಿಳಿ ಹೂವನ್ನು ಊರೆಲ್ಲ ನೋಡುತ್ತದೆ; ಹಮಾಲಿಗಳ ಮೇಲಿನ ಮುಕ್ಕಡಮನೂ ನೋಡುತ್ತಾನೆ. ಮಾದರಿಯ ಕಣ್ಣು ಬರೆದರೆ, ನಾನು ಗೋಡೆಗಳಿಗೆ ಏರಿಸಿದ ಸತ್ತವರ ಸಾಲಿನಲ್ಲಿ ಅಪ್ಪನನ್ನೂ ಕೂರಿಸಿದಂತೆ. ಮೂರನೆಯ ಒಂದು ಉಪಾಯ ಹೊಳೆದೀತೆಂದು ಬಿಸಿಲು ಕಟ್ಟೆಯಿಂದ ಇಳಿಯುವವರೆಗೂ ಕಾದೆ. ಹೊಳೆಯಲಿಲ್ಲ. ಕುಂಚ ತೊಳೆದಿಟ್ಟೆ.

ಗುರುವಾರ ಪತ್ರಿಕೆಯ ಕಚೇರಿಗೆ ಹೋಗಬೇಕಿದ್ದ ಹೊತ್ತಿನಲ್ಲಿ ಅಪ್ಪನನ್ನು ಒತ್ತಾಯ ಮಾಡಿ ಸರ್ಕಾರಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಉದ್ದನೆಯ ಸಾಲು. ನಮ್ಮ ಸರದಿ ಬಂದಾಗ ವೈದ್ಯರು ಟಾರ್ಚು ಹಾಕಿ ನೋಡಿ, ಎಡಗಣ್ಣಿನ ಮಟ್ಟಿಗೆ ಬಹಳ ತಡವಾಯಿತೆಂದರು. ಬಲಗಣ್ಣಿಗೂ ಹುಣ್ಣಿನ ಗುರುತಿದೆ, ಧೂಳಿನ ಕೆಲಸ ಬಿಡದಿದ್ದರೆ ಅದೂ ಹೋಗುತ್ತದೆ ಎಂದರು. "ಇಷ್ಟ್ ದಿನ ಮನೇಲಿ ಯಾರೂ ನೋಡ್ಲಿಲ್ವಾ?" ಎಂದು ನನ್ನನ್ನು ಕೇಳಿದರು. ಅಪ್ಪ ನನಗಿಂತ ಮೊದಲು, "ಅಂವ ಓದಾಂವರೀ ಸಾಹೇಬ್ರ" ಎಂದು ಉತ್ತರಿಸಿದರು.

ಮುಂದಿನ ವಾರ ಪತ್ರಿಕೆಯ ಕಚೇರಿಗೆ ಹೋಗಿ, ಚಿತ್ರ ಕೊಡಲಾಗುವುದಿಲ್ಲವೆಂದು ತಿಳಿಸಿದೆ. ಮುಖ್ಯಸ್ಥರು ಕಾರಣ ಕೇಳಿದರು. ಮನೆಯಲ್ಲಿ ಅನಾರೋಗ್ಯವೆಂದಷ್ಟೇ ಹೇಳಿದೆ. ಆ ಸಂಚಿಕೆಗೆ ಬೇರೆ ಚಿತ್ರ ಹೋಗಿತ್ತು. ಸಹಾಯಕನಾಗಿ ಬೇರೊಬ್ಬರನ್ನು ಕರೆಸಿದ್ದರು. "ಇನ್ನೊಂದಿಷ್ಟು ಕಲಿತು ಬನ್ನಿ, ಬಾಗಿಲು ಮುಚ್ಚಿಲ್ಲ" ಎಂದರು. ನಾನು ಮತ್ತೆ ಹೋಗಲಿಲ್ಲ.

ಆ ದೀಪಾವಳಿಗೆ ಮುಂಚೆಯೇ ನಾನು ಏಜೆಂಟರ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದೆ. ಎಂಬತ್ತರ ದಶಕವನ್ನೆಲ್ಲ ಅಲ್ಲೇ ಕಳೆದೆ. ಅಪ್ಪ ಶೆಡ್ಡಿನ ಕೆಲಸ ಬಿಟ್ಟರು, ಮತ್ತೆ ಯಾವ ಕೆಲಸಕ್ಕೂ ಹೋಗಲಿಲ್ಲ. ಬಲಗಣ್ಣು ಮಾತ್ರ ಉಳಿಯಿತು. ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿ ಓದು ನಿಲ್ಲಿಸಿದಳು. ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು, ಆ ಸಂಬಳ ಮನೆಗೆ ಬೇಕಿದ್ದುದರಿಂದ ಅವಳ ಮದುವೆ ಬಹಳ ತಡವಾಯಿತು. ವಠಾರದ ಮನೆ ಬಿಟ್ಟು ಬಾಡಿಗೆ ಕಡಿಮೆಯಿದ್ದ ಬಾಗಲಗುಂಟೆಗೆ ಹೋದೆವು. ಅಲ್ಲಿ ನಮ್ಮ ಹಿಂದಿನ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಅಕ್ಕಪಕ್ಕದವರು ಅವ್ವನನ್ನು ಮತ್ತೆ ಅರಿಶಿನ ಕುಂಕುಮಕ್ಕೆ ಕರೆಯತೊಡಗಿದರು.